ಗೇಣು ದೂರದಿಂದ ಕಾಣುವ ಎಳೆ

ನವೆಂಬರ್ ಹದಿನಾರು, ಭಾನುವಾರ. ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಬರೆಯಲು ಕುಳಿತಿದ್ದೇನೆ. ಅಪ್ಪ ಹಾಲು ತರಲು ಹೋಗಿದ್ದಾರೆ. ಅವ್ವ ಅಡುಗೆಮನೆಯಲ್ಲಿ ಡಬ್ಬಿಗಳನ್ನು ತೊಳೆಯುತ್ತಿದ್ದಾಳೆ. ಮೊನ್ನೆ ಶುಕ್ರವಾರ ಬಸುರಿ ಅಕ್ಕನಿಗೆ ಕುಬಸ, ಅಂದರೆ ಸೀಮಂತ, ಮಾಡಿದೆವು. ಅದಕ್ಕೆಂದು ಗದಗದ ಕಡೆಯಿಂದ ಬಂದಿದ್ದ ಮೌಶಿ, ಎಂದರೆ ಅವ್ವನ ತಂಗಿ, ನಿನ್ನೆ ಸಂಜೆ ಇಲ್ಲಿಯ ಕಾಚಿಗೂಡ ಸ್ಟೇಷನ್ನಿನಲ್ಲಿ ರೈಲು ಹತ್ತಿದಳು. ಅವಳ ಚೀಲದಲ್ಲಿ ಅವ್ವನ ಸೂಜಿ ದಾರದ ಡಬ್ಬಿಯೂ ಹೋಯಿತು. ಅವ್ವನೇ ಕೊಟ್ಟು ಕಳಿಸಿದ್ದು. ತನ್ನ ಕಣ್ಣು ಹೋದವು ಎಂದು ಅವ್ವ ತಿಳಿದಿದ್ದಾಳೆ. ಹೋಗಿಲ್ಲ ಎಂದು ನನಗೆ ಮೂರು ವಾರದಿಂದ ಗೊತ್ತು. ಇವತ್ತು ಹೇಳಬೇಕು. ಹೇಳುವ ಮೊದಲು ಆದದ್ದನ್ನು ಆದ ಹಾಗೆ ಒಮ್ಮೆ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ನನಗೆ ಅನುಕೂಲವಾಗುವಂತೆ ಹೇಳಿಬಿಡುತ್ತೇನೆ.

ನಾನು ತಾರ್ನಾಕದ ಆಚೆ ಒಂದು ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಒದ್ದೆ ಕಾಗದದ ಮೇಲೆ ಬೀಜಗಳನ್ನು ಸಾಲಾಗಿ ಇಟ್ಟು, ಗೊತ್ತುಮಾಡಿದ ದಿನ ಎಷ್ಟು ಮೊಳೆತಿವೆ ಎಂದು ಎಣಿಸಿ ಬರೆಯುವುದು ನನ್ನ ಕೆಲಸ. ಯಾವ ತಟ್ಟೆಯಲ್ಲಿ ಯಾರ ಬೀಜ ಇದೆ ಎಂದು ಎಣಿಸುವವರಿಗೆ ತಿಳಿಯಬಾರದು. ತಿಳಿದರೆ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ. ಆದ್ದರಿಂದ ತಟ್ಟೆಗಳಿಗೆ ಸಂಕೇತದ ಸಂಖ್ಯೆ ಮಾತ್ರ ಹಾಕಿರುತ್ತಾರೆ. ಈ ಅಭ್ಯಾಸ ನನ್ನ ಜೊತೆಗೆ ಮನೆಗೂ ಬಂದಿದೆ. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಯಾವ ಅಂಗಡಿಯ ಜೋಳದ ಹಿಟ್ಟಿನಲ್ಲಿ ರೊಟ್ಟಿ ಹರಿಯಿತು, ಎಲ್ಲವನ್ನೂ ದಿನಾಂಕ ಹಾಕಿ ಬರೆಯುತ್ತೇನೆ. "ಇಕಿ ಬದ್ನಿಕಾಯಿ ಪಲ್ಯಕ್ಕೂ ಮಾರ್ಕ್ಸ್ ಹಾಕ್ತಾಳ, ಬಡಿಸೋ ಮುಂದ ಹುಷಾರು" ಎಂದು ಅಕ್ಕ ನಮ್ಮ ಭಾವನಿಗೆ ಮದುವೆಯ ವಾರದಲ್ಲೇ ಹೇಳಿಕೊಟ್ಟಿದ್ದಳು.

ಅವ್ವನದೂ ಎಣಿಕೆಯದೇ ಕೆಲಸ. ಅವಳು ಕಸೂತಿ ಹಾಕುತ್ತಾಳೆ. ಮಾರಲು ಅಲ್ಲ, ಮನೆಯವರಿಗೆ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಸೂಜಿ ನಡೆಸಬೇಕು. ಗಂಟು ಹಾಕುವಂತಿಲ್ಲ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟಲ್ಲೆಲ್ಲ ತುಂಬಿಕೊಂಡು ಬಂದು, ಹೊರಟ ಜಾಗಕ್ಕೇ ಮುಟ್ಟಬೇಕು. ನಡುವೆ ಎಲ್ಲಾದರೂ ಒಂದು ಎಳೆ ತಪ್ಪಿದರೆ ಆಗ ತಿಳಿಯುವುದಿಲ್ಲ. ಕೊನೆಗೆ ಗೆರೆಗೆ ಗೆರೆ ಕೂಡುವುದಿಲ್ಲ, ಆಗ ತಿಳಿಯುತ್ತದೆ.

ಅಕ್ಕ ಬಸುರಿ ಎಂದು ಗೊತ್ತಾದ ದಿನವೇ ಅವ್ವ ಮೌಶಿಗೆ ಫೋನ್ ಮಾಡಿ ಅಜ್ಜಿಯ ಚಂದ್ರಕಾಳಿ ಸೀರೆಯನ್ನು ಹೊರಗೆ ತೆಗೆಸಿದಳು. ಕಪ್ಪು ಸೀರೆ. ಅದರ ಸೆರಗಿನಲ್ಲಿ ತೊಟ್ಟಿಲು ಇದೆ. ತೊಟ್ಟಿಲಿನ ಎರಡು ಬದಿಗೆ ಗಿಳಿ, ಮೇಲೆ ಹಗ್ಗಗಳು ಒಂದು ಕೊಂಡಿಗೆ ಹೋಗಿ ಸೇರುತ್ತವೆ. ಸೀರೆ ಮಡಿಕೆಯ ಗುಂಟ ಹರಿಯುತ್ತಿದೆ, ಕಳಿಸುವ ಸ್ಥಿತಿಯಲ್ಲಿಲ್ಲ. ಮೌಶಿಯ ಮಗ ಬಿಸಿಲಿನಲ್ಲಿ ಹಾಸಿ ಫೋಟೋ ತೆಗೆದು ಕಳಿಸಿದ. ಒಳ್ಳೆಯ ಫೋಟೋ, ನನ್ನ ಫೋನಿನ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಎಳೆ ಎಳೆಯೂ ಬೇರೆ ಬೇರೆ ಇತ್ತು. ಅದನ್ನು ನೋಡಿಕೊಂಡು ಹಸಿರು ಸೀರೆಯೊಂದಕ್ಕೆ ಅದೇ ತೊಟ್ಟಿಲು ಹಾಕಬೇಕು, ಕುಬಸದ ದಿನ ಅಕ್ಕ ಅದನ್ನೇ ಉಡಬೇಕು. ಅವ್ವನ ಆಸೆ ಇಷ್ಟೇ.

ಅದೇ ವಾರ ಅವ್ವನ ಹಳೆಯ ಫೋನ್ ಅಕ್ಕಿ ತೊಳೆಯುವ ಬೋಗುಣಿಗೆ ಬಿತ್ತು. ಅಪ್ಪ ಹೊಸದು ತಂದರು. ಸೆಪ್ಟೆಂಬರ್ ಹನ್ನೆರಡು, ಶುಕ್ರವಾರ. ದೊಡ್ಡ ಪರದೆ, ದೊಡ್ಡ ಬ್ಯಾಟರಿ. ಪರದೆಯ ಚುಕ್ಕಿಗಳು ಮಾತ್ರ ನನ್ನ ಫೋನಿನದಕ್ಕಿಂತ ಬಹಳ ಕಡಿಮೆ. ನನ್ನದನ್ನು ನಾನು ಹನ್ನೊಂದು ಫೋನುಗಳ ವಿವರ ಹೋಲಿಸಿ ನೋಡಿ, ಚುಕ್ಕಿ ಒತ್ತಾಗಿವೆ ಎಂದೇ ಆರಿಸಿಕೊಂಡಿದ್ದೆ. ಅಳತೆಯಲ್ಲಿ ಎರಡೂ ಫೋನುಗಳು ಹೆಚ್ಚುಕಡಿಮೆ ಒಂದೇ.

ಅವ್ವ ಹೊಸ ಫೋನಿನಲ್ಲಿ ತೊಟ್ಟಿಲು ತೆರೆದು, ಕನ್ನಡಕವನ್ನು ಹಣೆಗೆ ಏರಿಸಿ, ಮೂಗಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ನನ್ನ ಫೋನ್ ಕೇಳಿ ಅದರಲ್ಲಿಯೂ ನೋಡಿದಳು.

"ನಿನ್ನದರಾಗ ಎಳಿ ಕಾಣ್ತಾವ. ನನ್ನದರಾಗ ಕೂಡ್ಕೊಂಡು ಹಿಟ್ಟು ಕಲಸಿದಂಗ ಆಗ್ಯಾವ."

"ಎರಡೂ ಹೊಸಾವ ಅದಾವಲ್ಲ" ಎಂದರು ಅಪ್ಪ.

"ಹೊಸಾವ ಇರಲಿ ಬಿಡ್ರಿ. ನಾ ಕಂಡದ್ದು ಹೇಳಿದೆ."

"ಏಳು ದಿನದಾಗ ಬದಲಿ ಮಾಡಿ ಕೊಡ್ತೀನಿ ಅಂದಾನ ಅಂಗಡಿಯಂವ."

ದೊಡ್ಡದು ಮಾಡಿ ನೋಡು ಎಂದು ನಾನು ಹೇಳಿದೆ. ಅವ್ವ ಮಾಡಿದಳು. ಎರಡು ನಿಮಿಷಕ್ಕೆ, "ಹಿಂಗ ಮಾಡಿದ್ರ ಎಲ್ಲಿ ಅದೀನಿ ಅನ್ನೂದ ತಿಳೀವಲ್ದು. ತೊಟ್ಟಲಾ ಪೂರಾ ಕಣ್ಣಮುಂದ ಇರಬೇಕು, ಎಳೀನೂ ಕಾಣಬೇಕು" ಎಂದಳು. ಒಂದು ಕೈಯಲ್ಲಿ ಬಟ್ಟೆ, ಒಂದರಲ್ಲಿ ಸೂಜಿ. ಪರದೆ ಸರಿಸಲು ಮೂರನೆಯ ಕೈ ಎಲ್ಲಿಂದ ತರುವುದು? ಕಾಚಿಗೂಡದಲ್ಲಿ ಅಪ್ಪನದು ಝೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ಅಲ್ಲಿಯ ಯಂತ್ರದಲ್ಲಿ ಒಂದು ಪ್ರತಿಯನ್ನೂ ತೆಗೆದು ತಂದರು. ಕಪ್ಪು ಸೀರೆಯಾದ್ದರಿಂದ ಹಾಳೆಯ ತುಂಬ ಮಸಿ ಬಂತು.

ಆಗ ಅಕ್ಕ ಒಂದು ಮಾತು ಹೇಳಿದಳು. ಅವಳು ಮಣಿಕೊಂಡದಿಂದ ಭಾವನ ಜೊತೆ ಭಾನುವಾರದ ಊಟಕ್ಕೆ ಬಂದಿದ್ದಳು.

"ಸಣ್ಣಕಿ ತನ್ನ ಫೋನ್ ಅವ್ವಗ ಕೊಡಲಿ, ಅವ್ವಂದು ತಾ ಇಟ್ಕೊಳ್ಳಲಿ. ಎರಡು ತಿಂಗಳದ್ದೇನು ದೊಡ್ಡ ಮಾತು?"

ಎಲ್ಲರೂ ನನ್ನ ಕಡೆ ನೋಡಿದರು. "ಮೊದಲ ಖರೇನ ವ್ಯತ್ಯಾಸ ಐತೋ ಇಲ್ಲೋ ನೋಡೋಣ" ಎಂದೆ. ಆಗ ನನಗೆ ಅದು ನ್ಯಾಯದ ಮಾತು ಎನಿಸಿತ್ತು. ಫೋನ್ ಕೊಡಲು ಮನಸ್ಸಿರಲಿಲ್ಲ ಎನ್ನುವುದನ್ನು ಅವತ್ತಿನ ದಿನಚರಿಯಲ್ಲಿ ಬರೆದಿಲ್ಲ. ಈಗ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ ಹದಿನಾಲ್ಕು, ಭಾನುವಾರ, ಮಧ್ಯಾಹ್ನ ಎರಡೂವರೆಗೆ ಪರೀಕ್ಷೆ ಶುರು ಮಾಡಿದೆ. ಯಾವುದು ಯಾರ ಫೋನ್ ಎಂದು ಗುರುತು ಸಿಗದಂತೆ ಎರಡಕ್ಕೂ ರಟ್ಟಿನ ಚೌಕಟ್ಟು ಕತ್ತರಿಸಿ ಹಾಕಿದೆ. ಬೆಳಕು ಎರಡರಲ್ಲಿಯೂ ಸಮ ಮಾಡಿದೆ. ಕುಳಿತವರ ಕಣ್ಣಿನಿಂದ ಪರದೆಗೆ ಒಂದು ಮೊಳದ ದೂರ ಇರಬೇಕೆಂದು ಅಳತೆಪಟ್ಟಿಯಿಂದ ಅಳೆದು ಮೇಜಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ. ಕನ್ನಡಕ ಇರುವವರು ಹಾಕಿಕೊಂಡೇ ನೋಡಬೇಕು. ಎರಡರಲ್ಲಿಯೂ ತೊಟ್ಟಿಲಿನ ಅದೇ ಫೋಟೋ. ಯಾವುದು ಸ್ಪಷ್ಟ, ಎಡದ್ದೋ ಬಲದ್ದೋ? ಒಬ್ಬೊಬ್ಬರಿಗೆ ಹತ್ತು ಸಲ. ಪ್ರತಿ ಸಲಕ್ಕೂ ನಾಣ್ಯ ಚಿಮ್ಮಿ ಅದಲುಬದಲು ಮಾಡುತ್ತಿದ್ದೆ.

ಅಪ್ಪ, ಅಕ್ಕ, ಭಾವ, ಅವ್ವ, ಮೇಲಿನ ಮನೆಯ ಮಾಲಕಿ ಆಂಟಿ, ಹೀಗೆ ಐದು ಜನ. ಆಂಟಿ ಮೂರನೆಯ ಸಲಕ್ಕೇ, "ಏಂದಮ್ಮಾ ಇದಿ? ರೆಂಡೂ ಒಕಟೇ ಕದಾ" ಎಂದು ತೆಲುಗಿನಲ್ಲಿ ನಕ್ಕುಬಿಟ್ಟರು. ಎರಡೂ ಒಂದೇ ಇವೆಯಲ್ಲ, ಇದೇನು ಆಟ ಎಂದು. ಭಾವ ಪ್ರತಿ ಸಲ ಎಡದ್ದು ಎಂದರು. ಕೇಳಿದರೆ, "ಏನರೆ ಒಂದು ಹೇಳಬೇಕಲ್ಲ, ಊಟ ಹಾಕ್ಯಾರ" ಎಂದರು. ಐವತ್ತು ಸಲದಲ್ಲಿ ಇಪ್ಪತ್ತಾರು ಸರಿ. ಕಣ್ಣು ಮುಚ್ಚಿಕೊಂಡು ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಅವ್ವನದು ಹತ್ತಕ್ಕೆ ಐದು.

ಅವ್ವನ ಸರದಿಯಲ್ಲಿ ನಡೆದದ್ದೊಂದನ್ನು ಅವತ್ತು ಹೀಗೆ ಬರೆದುಕೊಂಡಿದ್ದೇನೆ: 'ಒಂದು ಅಡಚಣೆ. ಆ ಸಲದ್ದನ್ನು ಮತ್ತೆ ಮಾಡಿಸಿದೆ.' ಅಡಚಣೆ ಏನೆಂದರೆ, ಅವ್ವ ಕನ್ನಡಕವನ್ನು ಹಣೆಗೆ ಏರಿಸಿ ಪರದೆಯ ಕಡೆ ಬಗ್ಗಿದ್ದಳು.

"ಅವ್ವಾ, ಕನ್ನಡಕ ತಗೀಬಾರದು. ಗೆರಿ ದಾಟಬಾರದು."

"ಹಂಗ ಅಂದ್ರ ನನಗ ಹೆಂಗ ಕಾಣಬೇಕ?"

"ಎಲ್ಲಾರಿಗೂ ಒಂದ ನಿಯಮ ಇರಬೇಕು. ಇಲ್ಲಂದ್ರ ಪರೀಕ್ಷಾ ಆಗಂಗಿಲ್ಲ."

ಅವಳು ಕನ್ನಡಕವನ್ನು ಮೂಗಿಗೆ ಇಳಿಸಿ ಗೆರೆಯ ಹಿಂದೆ ಸರಿದು ಕುಳಿತಳು. ಕೊನೆಯ ಐದನ್ನು ಪರೀಕ್ಷೆ ಬರೆಯುವ ಹುಡುಗಿಯ ಹಾಗೆ ಬಹಳ ಯೋಚಿಸಿ ಹೇಳಿದಳು. ಎಷ್ಟು ಬಂತು ಎಂದು ಕೇಳಿದಳು. ಐದು ಎಂದೆ. ಹತ್ತಕ್ಕೆ ಐದು ಎಂದರೆ ಏನೂ ಕಾಣಿಸಿಲ್ಲ ಎಂದೇ ಅರ್ಥ ಎಂದು ವಿವರಿಸಿಯೂ ಹೇಳಿದೆ.

"ಹಂಗಾದ್ರ ನನ್ನ ಭ್ರಮಿ ಇರಬೇಕ" ಎಂದಳು ಅವ್ವ.

"ತಡೀ. ಕಾಣಂಗಽ ಇಲ್ಲ ಅಂದ್ರ, ನೀ ಯಾಕ ಹನ್ನೊಂದು ಫೋನ್ ನೋಡಿ ತಿಣುಕಿ ತಿಣುಕಿ ಅದನ್ನ ತಗೊಂಡಿ?" ಎಂದು ಅಕ್ಕ ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಫೋನುಗಳ ರಟ್ಟು ಬಿಚ್ಚಿದೆ. ಹೊಸ ಫೋನ್ ಅವ್ವನ ಬಳಿಯೇ ಉಳಿಯಿತು. ಬದಲಿ ಮಾಡಿಕೊಡುವ ಏಳು ದಿನಗಳೂ ಮುಗಿದವು.

ಆಮೇಲಿನ ಒಂದು ತಿಂಗಳು ಅವ್ವ ದಿನಾ ಮಧ್ಯಾಹ್ನ ಬಾಲ್ಕನಿಯ ಬಾಗಿಲಲ್ಲಿ ಕುಳಿತು ಕಸೂತಿ ಹಾಕಿದಳು. ಫೋನನ್ನು ಅವಲಕ್ಕಿಯ ಸ್ಟೀಲ್ ಡಬ್ಬಿಗೆ ಒರಗಿಸಿ, ಬಗ್ಗಿ ನೋಡುವುದು, ಬಟ್ಟೆಗೆ ಬರುವುದು, ಮತ್ತೆ ಬಗ್ಗುವುದು. ಗಿಳಿಗಳು ಬಂದವು. ತೊಟ್ಟಿಲಿನ ಪಟ್ಟಿ ಬಂತು. ಹಗ್ಗಗಳು ಮಾತ್ರ ಮೇಲೆ ಹೋಗಿ ಕೊಂಡಿಯಲ್ಲಿ ಕೂಡಲಿಲ್ಲ. ಒಂದು ಹಗ್ಗ ಕೊಂಡಿಯ ಪಕ್ಕಕ್ಕೆ ಬಂದು ನಿಂತಿತು. ಅವ್ವ ಬಿಚ್ಚಿದಳು, ಮತ್ತೆ ಹಾಕಿದಳು. ಮತ್ತೆ ಅದೇ. ಮೂರನೆಯ ಸಲ ಬಿಚ್ಚುವಾಗ ಸೀರೆಯ ಎಳೆಗಳೇ ಸಡಿಲವಾಗಿ ಅಲ್ಲೊಂದು ಜಾಳು ಬಿತ್ತು.

ಫೋನಿನದೇ ತಪ್ಪಿರಬಹುದು ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಮನೆಯಲ್ಲಿ ಅದು ತೀರ್ಮಾನವಾಗಿ ಹೋಗಿದ್ದ ವಿಷಯ. "ಕಣ್ಣ ಹೋಗಾಕತ್ತಾವ" ಎಂದಳು. ಅವ್ವನ ಕನ್ನಡಕದ ನಂಬರ್ ಚಿಕ್ಕಂದಿನಿಂದ ಮೈನಸ್ ಏಳು. ಇಂಥ ಕಣ್ಣನ್ನು ಜೋಪಾನ ಮಾಡಬೇಕು ಎಂದು ಹಿಂದೆ ಯಾವಾಗಲೋ ವೈದ್ಯರೊಬ್ಬರು ಹೇಳಿದ್ದರು. ಆ ಹೆದರಿಕೆ ಅವಳೊಳಗೆ ಮೊದಲಿನಿಂದ ಇತ್ತು. ಅಕ್ಟೋಬರಿನಲ್ಲಿ ನಾನು ಕೆಲಸದಿಂದ ಮನೆಗೆ ಬಂದಾಗ ಎರಡು ಸಲ ಅವಳು ಒಂದು ಕಣ್ಣು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ನನ್ನನ್ನು ಕಂಡು ಕೈ ಇಳಿಸಿದಳು.

ಅಕ್ಟೋಬರ್ ಇಪ್ಪತ್ತೈದು, ಶನಿವಾರ, ಸಂಜೆ ಅವಳನ್ನು ಕಣ್ಣು ತೋರಿಸಲು ಕರೆದುಕೊಂಡು ಹೋದೆ. ವೈದ್ಯರು ಹನಿ ಹಾಕಿ ಒಳಗೆಲ್ಲ ನೋಡಿದರು. ಏನೂ ತೊಂದರೆ ಇಲ್ಲ, ನಂಬರೂ ಹೋದ ವರ್ಷದ್ದೇ ಎಂದರು. ಹನಿ ಹಾಕುವುದಕ್ಕೆ ಮೊದಲು ಅವರ ಸಹಾಯಕಿ ಸಣ್ಣ ಅಕ್ಷರದ ಕಾರ್ಡ್ ಕೊಟ್ಟು ಓದಲು ಹೇಳಿದ್ದಳು. ಅವ್ವ ಕನ್ನಡಕ ಹಣೆಗೆ ಏರಿಸಿ ಕಾರ್ಡನ್ನು ಮೂಗಿನ ಹತ್ತಿರ ತಂದಳು.

"ಅಮ್ಮಾ, ಚಷ್ಮಾ ಪೆಹನ್‌ಕೇ. ಇತನಾ ನಜ್‌ದೀಕ್ ನಹೀಂ."

"ಹೌದವಾ, ಎಲ್ಲಾರೂ ಅದನ್ನ ಹೇಳ್ತಾರ" ಎಂದು, ಕನ್ನಡಕ ಹಾಕಿಕೊಳ್ಳಿ, ಇಷ್ಟು ಹತ್ತಿರ ಬೇಡ ಎಂದ ಆ ಹಿಂದಿಗೆ ಅವ್ವ ಕನ್ನಡದಲ್ಲೇ ಉತ್ತರಿಸಿ ಕನ್ನಡಕ ಇಳಿಸಿದಳು.

ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಎಲ್ಲಾರೂ ಎಂದರೆ ನಾನು. ಕಾರ್ಡ್ ಅವಳ ಕಣ್ಣಿನಿಂದ ಒಂದು ಗೇಣಿಗೂ ಕಡಿಮೆ ಇತ್ತು. ಅಲ್ಲಿ ಅವಳು ಎಲ್ಲಕ್ಕಿಂತ ಕೆಳಗಿನ ಸಾಲನ್ನು, ಸಹಾಯಕಿ ತಡೆಯುವ ಮೊದಲೇ, ಓದಿ ಮುಗಿಸಿದ್ದಳು. ಅಕ್ಕಿಯಲ್ಲಿ ಕಲ್ಲು ಆರಿಸುವಾಗ, ಸೂಜಿಗೆ ದಾರ ಪೋಣಿಸುವಾಗ, ನನ್ನ ಕಾಲಿನ ಮುಳ್ಳು ತೆಗೆಯುವಾಗ, ಅವಳು ನೋಡುವುದು ಹೀಗೆಯೇ. ಇಪ್ಪತ್ತಾರು ವರ್ಷದಿಂದ ನೋಡಿದ್ದೇನೆ. ದೂರಕ್ಕೆಂದು ಮಾಡಿಸಿದ ಕನ್ನಡಕ ಹಾಕಿಕೊಂಡು ಒಂದು ಮೊಳದ ಆಚೆಯಿಂದ ಅವಳು ಯಾವತ್ತೂ ಒಂದೇ ಒಂದು ಎಳೆಯನ್ನೂ ಎಣಿಸಿಲ್ಲ. ಮೊಳದ ದೂರದಲ್ಲಿ ಎರಡು ಪರದೆಗಳಿಗೆ ವ್ಯತ್ಯಾಸ ಕಾಣುವುದಿಲ್ಲ ಎನ್ನುವುದು ನಮ್ಮ ಮನೆಯ ಮಟ್ಟಿಗೆ ನಿಜವೇ ಇರಬೇಕು. ಆದರೆ ಆ ಫೋನ್ ತಂದದ್ದು ಒಂದು ಗೇಣಿನಿಂದ ನೋಡುವವಳಿಗೆ. ಅಷ್ಟು ಹತ್ತಿರದಲ್ಲಿ ಚುಕ್ಕಿಗಳು ವಿರಳವಾದ ಪರದೆ ಎರಡು ಎಳೆಗಳನ್ನು ಒಂದು ಮಾಡಿಬಿಡಬಹುದು. ಅವಳು ಮೊದಲ ದಿನವೇ ಹೇಳಿದ್ದ ಮಾತು ಅದು.

ಹೊರಗೆ ಬಂದ ಮೇಲೆ, ಹನಿಯಿಂದ ಬೆಳಕು ಚುಚ್ಚುತ್ತದೆಂದು ಅವ್ವ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ನನ್ನ ತೋಳು ಹಿಡಿದು ನಡೆದಳು.

"ನಂಬರ್ ಸರಿ ಐತಿ ಅಂತಾರ. ಮತ್ತ ಎಳಿ ಯಾಕ ಕಾಣವಲ್ಲವು? ಅವರಿಗೂ ತಿಳೀದಂಥಾದ್ದು ಏನೋ ಆಗೈತಿ."

ಆಟೋದಲ್ಲಿ ಅರ್ಧ ಗಂಟೆ ಅವಳ ಪಕ್ಕ ಕುಳಿತಿದ್ದೆ. ಹೇಳಬಹುದಿತ್ತು. ಮೊದಲು ಸರಿಯಾಗಿ ಇನ್ನೊಂದು ಪರೀಕ್ಷೆ ಮಾಡಿ, ಖಾತ್ರಿಯಾದ ಮೇಲೆ ಹೇಳೋಣ ಎಂದುಕೊಂಡೆ. ಈ ಯೋಚನೆ ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ಹಿಡಿದುಕೊಂಡು ನಾನು ಮೂರು ವಾರ ತೆಗೆದೆ. ಮೊದಲ ವಾರ ಪ್ರಯೋಗಾಲಯದಲ್ಲಿ ಹತ್ತಿಬೀಜದ ಕೆಲಸ ಬಹಳ ಇತ್ತು. ಎರಡನೆಯ ವಾರ ಕುಬಸದ ತಯಾರಿ, ಮೂರನೆಯ ವಾರ ಕುಬಸ. ಆ ದಿನಗಳಲ್ಲಿ ರಾತ್ರಿ ಮಲಗುವ ಮೊದಲು ನನ್ನ ಫೋನಿನಲ್ಲಿ ಏನೇನು ನೋಡುತ್ತಿದ್ದೆನೋ ಅದನ್ನೆಲ್ಲ ಬಿಡದೆ ನೋಡಿದ್ದೇನೆ. ಅದಕ್ಕೆ ಸಮಯವಿತ್ತು.

ಅವ್ವ ಹಸಿರು ಸೀರೆಯನ್ನು ಮಡಿಚಿ ಕಪಾಟಿನ ಕೆಳಗಿನ ಖಾನೆಯಲ್ಲಿ ಇಟ್ಟಳು. ಅಪ್ಪ ಅಂಗಡಿಯಿಂದ ಬೇರೆ ಹಸಿರು ಸೀರೆ ತಂದರು. ಅದರ ಮೇಲೆ ಯಂತ್ರದಲ್ಲಿ ಹಾಕಿದ ಹೂಗಳು. ಚೆನ್ನಾಗಿಯೇ ಇತ್ತು.

ಮೊನ್ನೆ ಶುಕ್ರವಾರ ಬೆಳಿಗ್ಗೆ ಹತ್ತೂಕಾಲಿಗೆ ಅಕ್ಕನನ್ನು ಮಣೆಯ ಮೇಲೆ ಕೂರಿಸಿದರು. ಹಸಿರು ಬಳೆ ಇಟ್ಟರು, ಉಡಿ ತುಂಬಿದರು. ಕಾಚಿಗೂಡದ ನಮ್ಮ ಕಡೆಯ ಹೆಂಗಸರು ಹದಿನಾಲ್ಕು ಜನ ಬಂದಿದ್ದರು. ಅವರಲ್ಲೊಬ್ಬರು ಸೆರಗನ್ನು ಬೆರಳಿನಲ್ಲಿ ಉಜ್ಜಿ ನೋಡಿ ಅವ್ವನನ್ನು ಕೆಣಕಿದರು.

"ಏನ್ರೀ, ಮಷೀನ್ ಹೂವು? ಕಸೂತಿ ಹಾಕೋ ತಾಯಿ ಇದ್ದೂ ಮಗಳಿಗೆ ಅಂಗಡಿ ಸೀರಿ?"

"ಕಣ್ಣ ಹೋದ್ವರೀ ನನ್ನವು" ಎಂದಳು ಅವ್ವ. ಮಾಮೂಲಿ ಸುದ್ದಿಯಂತೆ ಹೇಳಿದಳು. "ಡಾಕ್ಟರಿಗೂ ತಿಳೀವಲ್ದು. ಇನ್ನ ಸೂಜಿ ಮುಟ್ಟಂಗಿಲ್ಲ."

ಅಕ್ಕ ಮಣೆಯ ಮೇಲಿಂದ ಅವ್ವನನ್ನು ನೋಡಿದಳು. ನನ್ನ ಕೈಯಲ್ಲಿ ಆರತಿ ತಟ್ಟೆ ಇತ್ತು. ಅಲ್ಲಿ ನಾನು ಒಂದು ಮಾತು ಹೇಳಿದ್ದರೆ ಹದಿನಾಲ್ಕು ಜನರ ಎದುರಿಗೆ ಅವಳ ಕಣ್ಣು ವಾಪಸ್ಸು ಬರುತ್ತಿದ್ದವು. ನಾನು ಬತ್ತಿ ಸರಿಮಾಡಿದೆ.

ನಿನ್ನೆ ಮಧ್ಯಾಹ್ನ ಮೌಶಿ ಚೀಲ ಕಟ್ಟುವಾಗ ಅವ್ವ ಸೂಜಿ ದಾರದ ಡಬ್ಬಿ ತಂದು ಅವಳ ಮುಂದೆ ಇಟ್ಟಳು.

"ಒಯ್ಯಿ. ನಿನ್ನ ಸೊಸಿ ಕಲೀತೀನಿ ಅಂದಾಳಲ್ಲ."

"ಅಕ್ಕಾ, ಹುಚ್ಚಿ ಏನ ನೀ? ಇಟ್ಕೊ, ಕಣ್ಣಿಗೆ ಆರಾಮಾದ ಮ್ಯಾಲ ಹಾಕೀಯಂತ."

"ಇಲ್ಲಿದ್ರ ದಿನಾ ಕಣ್ಣಿಗೆ ಬೀಳ್ತೈತಿ. ಒಯ್ಯಿ ಅಂದೆ."

ಸ್ಟೇಷನ್ನಿಗೆ ಚೀಲ ಹೊತ್ತುಕೊಂಡು ಹೋದದ್ದು ನಾನೇ. ಗಾಡಿ ಹೊರಟಿತು.

ಎಂಟು ಗಂಟೆ ಐವತ್ತು ನಿಮಿಷ. ಅಪ್ಪ ಬಂದು ಬಹಳ ಹೊತ್ತಾಯಿತು. ಅವ್ವ ಎರಡು ಸಲ ನಾಷ್ಟಾಕ್ಕೆ ಕರೆದಳು. ಇಲ್ಲಿಗೆ ನಿಲ್ಲಿಸಿ ಎದ್ದು ಹೋಗುತ್ತೇನೆ.

ಅದೇ ದಿನ, ಸಂಜೆ ನಾಲ್ಕೂವರೆ. ಹೇಳಿದೆ.

ನಾಷ್ಟಾ ಆದ ಮೇಲೆ ಅಪ್ಪ ಪೇಪರ್ ಹಿಡಿದು ಕುಳಿತಿದ್ದರು. ಅವ್ವ ನೆಲದ ಮೇಲೆ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು, ಕನ್ನಡಕ ಹಣೆಯ ಮೇಲೆ. ಅವಳ ಎದುರಿಗೆ ಕುಳಿತು, ಪರೀಕ್ಷೆಯ ಗೆರೆಯಿಂದ ಆಟೋದವರೆಗೆ, ಆಟೋದಿಂದ ಆರತಿ ತಟ್ಟೆಯವರೆಗೆ, ಬರೆದ ಕ್ರಮದಲ್ಲಿಯೇ ಹೇಳಿದೆ. ಫೋನ್ ಕೊಡಲು ಮನಸ್ಸಿರಲಿಲ್ಲ ಎನ್ನುವುದನ್ನೂ ಬಿಡಲಿಲ್ಲ. ಅಪ್ಪ ಪೇಪರ್ ಮಡಿಚಿದರು. ಅವ್ವ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಫೋನ್ ಇಲ್ಲೆ ಕೊಡು" ಎಂದಳು.

ಕೈ ಒರೆಸಿಕೊಂಡು, ತೊಟ್ಟಿಲು ತೆರೆದು, ಮೂಗಿನ ಹತ್ತಿರ ಹಿಡಿದಳು. ತುಟಿ ಅಲುಗಿಸುತ್ತ ಎಣಿಸಿದಳು. ಒಮ್ಮೆ ಎಣಿಸಿ, ಮತ್ತೆ ಮೊದಲಿನಿಂದ ಎಣಿಸಿದಳು. ಆಮೇಲೆ ತನ್ನ ಫೋನಿನಲ್ಲಿ ಅದೇ ಜಾಗ ನೋಡಿದಳು.

"ಹಗ್ಗದ ಬುಡಕ್ಕ ಹನ್ನೆರಡು ಎಳಿ ಅದಾವ. ನಾ ಹನ್ನೊಂದು ಹಾಕಾಕತ್ತಿದ್ದೆ. ಇದರಾಗ ಎರಡು ಕೂಡಿ ಒಂದಾಗಿ ಕಾಣತಾವ. ಮೂರು ಸಲ ಬಿಚ್ಚಿದೆ, ಮೂರೂ ಸಲ ಹನ್ನೊಂದಽ."

"ಹೌದು."

"ಹಂಗಾದ್ರ ಮೊದಲನೇ ದಿನ ನಾ ಹೇಳಿದ್ದು ಖರೇನ ಇತ್ತು."

"ಹೌದವ್ವಾ."

"ನೀ ಕನ್ನಡಕ ಹಾಕ್ಕೊ ಅಂದಿ, ಹಾಕ್ಕೊಂಡೆ. ಗೆರಿ ಹಿಂದ ಕೂಡು ಅಂದಿ, ಕುಂತೆ. ನನ್ನ ಕಣ್ಣು ಬಿಟ್ಟು ನಿನ್ನ ಎಣಿಕೀನ ನಂಬಿದೆ ನೋಡು."

ಬೈಯಬಹುದು ಎಂದುಕೊಂಡಿದ್ದೆ. ಬೈಯಲಿಲ್ಲ. ಆ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ತನ್ನ ಬಗ್ಗೆಯೇ ಆಶ್ಚರ್ಯ ಇದ್ದಂತಿತ್ತು. ಅಪ್ಪ, "ಹೋಗಲಿ ಬಿಡ, ಹುಡುಗಿ ಬೇಕಂತ ಮಾಡಿಲ್ಲ" ಎಂದು ನನ್ನ ಪರ ವಹಿಸಿದರು.

"ಬೇಕಂತ ಮಾಡಿಲ್ಲ, ಖರೆ. ಮೂರು ವಾರ ಸುಮ್ಮ ಇದ್ದದ್ದು?" ಎಂದಳು ಅವ್ವ. ಅಪ್ಪ ಮತ್ತೆ ಪೇಪರ್ ಬಿಚ್ಚಿದರು.

ಮಧ್ಯಾಹ್ನ ಎರಡು ಗಂಟೆಗೆ, ಅವಳೇ ಕೇಳಿದ್ದರಿಂದ, ಇನ್ನೊಮ್ಮೆ ಪರೀಕ್ಷೆ ಮಾಡಿದೆವು. ಅದೇ ರಟ್ಟಿನ ಚೌಕಟ್ಟು, ಅದೇ ನಾಣ್ಯ. ಗೆರೆ ಇಲ್ಲ. ಕನ್ನಡಕ ಹಣೆಯ ಮೇಲೆ. ಹತ್ತರಲ್ಲಿ ಎಂಟು ಸರಿ. ಅವಳಿಗೆ ಎಂಟೆಂದರೆ ಫಸ್ಟ್ ಕ್ಲಾಸು. ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಅಕ್ಕ ನನಗೆ ಏನೇನೋ ಅಂದದ್ದು ಇಲ್ಲಿಯವರೆಗೂ ಕೇಳಿಸಿತು. "ನಾ ಅವತ್ತ ಅಂದಿದ್ನಿಲ್ಲೋ" ಎನ್ನುವುದು ಮೂರು ಸಲ ಬಂತು. ಆಮೇಲೆ ಮೌಶಿಗೆ ಫೋನ್. ಡಬ್ಬಿ ವಾಪಸ್ಸು ಬೇಕು, ಈ ಕಡೆ ಬರುವವರು ಯಾರಾದರೂ ಇದ್ದರೆ ಅವರ ಕೈಯಲ್ಲಿ ಕೊಟ್ಟು ಕಳಿಸು, ನಮ್ಮಾಕಿ ಸ್ಟೇಷನ್ನಿಗೆ ಬಂದು ಇಸಿದುಕೊಳ್ಳುತ್ತಾಳೆ ಎಂದಳು. ಎಷ್ಟು ಹೊತ್ತಿಗೆ ಗಾಡಿ ಬಂದರೂ ಬರುತ್ತಾಳೆ ಎಂದು ನನ್ನ ಕಡೆ ನೋಡಿಕೊಂಡೇ ಹೇಳಿದಳು.

ಫೋನ್ ಇಟ್ಟ ಮೇಲೆ ನನಗೆ ಹೇಳಿದ್ದು ಒಂದೇ ಮಾತು. "ಸಂಜೀಕ ಸಿಮ್ ಬದಲಿ ಮಾಡಿಕೊಡು."

ನಾಲ್ಕು ಗಂಟೆಗೆ ಬದಲಿ ಮಾಡಿದೆ. ನನ್ನ ಫೋನ್ ಈಗ ಅವಲಕ್ಕಿ ಡಬ್ಬಿಗೆ ಒರಗಿ ನಿಂತಿದೆ. ಅವಳದು ನನ್ನ ಬಳಿ ಇದೆ. ಅರ್ಧ ಗಂಟೆಯಿಂದ ಅದರಲ್ಲಿ ಓದಿದೆ, ಫೋಟೋ ನೋಡಿದೆ, ಎರಡು ವಿಡಿಯೋ ನೋಡಿದೆ. ನಾನು ಹಿಡಿಯುವ ದೂರದಲ್ಲಿ ನನಗೆ ಏನೂ ವ್ಯತ್ಯಾಸ ಕಾಣುತ್ತಿಲ್ಲ. ಹುಡುಕಿ ಹುಡುಕಿ ನೋಡಿದರೂ ಕಾಣುತ್ತಿಲ್ಲ. ಎರಡು ತಿಂಗಳು ನಾನು ಬಿಟ್ಟುಕೊಡದೆ ಹಿಡಿದುಕೊಂಡಿದ್ದ ವಸ್ತು ನನ್ನ ಕಣ್ಣಿಗೆ ಕಾಣುವಂಥದ್ದೇ ಆಗಿರಲಿಲ್ಲ.

ಕುಬಸ ಮುಗಿದುಹೋಗಿದೆ. ಆ ದಿನ ಅಕ್ಕ ಉಟ್ಟದ್ದು ಯಂತ್ರದ ಹೂವಿನ ಸೀರೆ, ಫೋಟೋಗಳಲ್ಲೆಲ್ಲ ಅದೇ ಇರುತ್ತದೆ. ಅವ್ವ ಕೆಳಗಿನ ಖಾನೆಯಿಂದ ಹಸಿರು ಸೀರೆಯನ್ನು ತೆಗೆದು, ಜಾಳು ಬಿದ್ದ ಜಾಗವನ್ನು ಉಗುರಿನಿಂದ ನೀವುತ್ತ, ಇಲ್ಲಿ ಆಗುವುದಿಲ್ಲ, ಸೆರಗಿನ ಆ ತುದಿಗೆ ಹಾಕಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ ಮುಗಿಯುತ್ತದೆಯೇ ಎಂದು ನಾನು ಕೇಳಲಿಲ್ಲ. ಆ ಲೆಕ್ಕ ಅವಳದು.

ನನಗೆ ಉಳಿದಿರುವುದು ತಪ್ಪಾದ ಆ ಎರಡು. ಹತ್ತರಲ್ಲಿ ಎಂಟು ಸರಿ; ಎರಡು ಯಾಕೆ ತಪ್ಪಿದವು? ಅದು ಬರೀ ಆಯಾಸವೇ, ಪರದೆಯೇ, ಅಥವಾ ಅವಳ ಕಣ್ಣಿನಲ್ಲಿ ನಿಜವಾಗಿಯೂ ಏನಾದರೂ ಇದೆಯೇ? ವೈದ್ಯರು ಇಲ್ಲ ಎಂದಿದ್ದಾರೆ. ಕಣ್ಣು ಚೆನ್ನಾಗಿವೆ ಎಂದು ಅವ್ವನಿಗೆ ನಾನೂ ಇವತ್ತು ಧೈರ್ಯವಾಗಿ ಹೇಳಿಬಿಟ್ಟಿದ್ದೇನೆ. ನನ್ನ ಭಾರ ಇಳಿಯಲಿ ಎಂದು ಅದನ್ನು ಅಷ್ಟು ಜೋರಾಗಿ ಹೇಳಿದೆನೇ ಎಂಬ ಅನುಮಾನ ಈಗ ಬರುತ್ತಿದೆ. ದೊಡ್ಡ ಮೈನಸ್ ನಂಬರಿನವರು ಕನ್ನಡಕ ತೆಗೆದು ಗೇಣು ದೂರದಿಂದ ಪರದೆ ನೋಡಿದಾಗ ಎಷ್ಟು ಒತ್ತಿನ ಚುಕ್ಕಿಗಳವರೆಗೆ ವ್ಯತ್ಯಾಸ ಕಾಣುತ್ತದೆ, ಹತ್ತಕ್ಕೆ ಎಂಟು ಎನ್ನುವುದು ಅಂಥ ಕಣ್ಣಿಗೆ ಸಹಜವೇ, ಇದನ್ನು ಬಲ್ಲವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಕಣ್ಣಿನ ವಿದ್ಯೆ ಕಲಿತವರೇ ಆಗಬೇಕೆಂದಿಲ್ಲ. ಹೀಗೆ ಕನ್ನಡಕ ಹಣೆಗೆ ಏರಿಸಿ ಎಳೆ ಎಣಿಸುವ ಹೆಂಗಸರು ಬರೆದರೂ ಆದೀತು. ಉತ್ತರ ನನ್ನ ಮಾತಿಗೆ ವಿರುದ್ಧವಾಗಿದ್ದರೆ ಅದನ್ನೂ ಬರೆಯಿರಿ. ಬಂದ ದಿನವೇ ಅವ್ವನಿಗೆ ಓದಿ ಹೇಳುತ್ತೇನೆ.